ಖಾಲಿ ಕರಡಿಗೆ

ಹಾಲು ಉಕ್ಕಿ ಒಲೆಯ ಮೇಲೆ ಹರಿದು ಸುಟ್ಟ ವಾಸನೆ ಬಂದಾಗಲೇ ಭುವನೇಶ್ವರಿಗೆ ಎಚ್ಚರವಾದದ್ದು. ಅವಳು ಒಲೆಯ ಮುಂದೆಯೇ ನಿಂತಿದ್ದಳು.

ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ನಿನ್ನೆ ಸಂಜೆಯ ಗಾಡಿಗೆ ಸೇಡಂ, ಚಿಂಚೋಳಿ ಎಂದು ಚದುರಿ ಹೋಗಿದ್ದರು. ನಳದಲ್ಲಿ ನೀರು ಬಂದಿತ್ತು. ಪಕ್ಕದ ಮನೆಯವರು ಅಂಗಳ ಗುಡಿಸುತ್ತಿದ್ದರು. ವಾಡಿ ಸ್ಟೇಷನ್ನಿನ ಕಡೆಯಿಂದ ಯಾವುದೋ ಗಾಡಿಯ ಸೀಟಿ ಕೇಳಿಸಿತು. ಎಲ್ಲವೂ ಎಂದಿನಂತೆಯೇ ನಡೆಯುತ್ತಿರುವುದು ಅವಳಿಗೆ ಒಂದು ಬಗೆಯ ಬೈಗುಳದಂತೆ ತೋರಿತು.

"ಹಾಲು ಚೆಲ್ತೇನು?" ಒಳಗಿನಿಂದ ಅತ್ತೆ ನೀಲಾಬಾಯಿ ಕೇಳಿದಳು.

"ಹೂಂ ಅತ್ತಿ."

"ಚೆಲ್ಲಲಿ ಬಿಡು. ಕುಡಿಯೋರು ಯಾರದಾರ ಈಗ."

ಒಲೆ ಒರೆಸಿದ ಮೇಲೆ ಮಾಡಲು ಇನ್ನೊಂದು ಕೆಲಸವಿತ್ತು. ದೇವರ ಜಗಲಿಯ ಮೇಲೆ ಬಿಳಿ ಅರಿವೆಯಲ್ಲಿ ಸುತ್ತಿಟ್ಟಿದ್ದ ಬೆಳ್ಳಿಯ ಕರಡಿಗೆಯನ್ನು ತೊಳೆದಿಡಬೇಕಿತ್ತು.

ಅದು ಅವಳ ಗಂಡ ಸಂಗಮೇಶ್ವರನ ಕೊರಳಲ್ಲಿದ್ದದ್ದು. ಚಿತ್ತಾಪುರ ಕೋರ್ಟಿನಲ್ಲಿ ವಕೀಲನಾಗಿದ್ದ ಅವನು ಮೊನ್ನೆ ಸಂಜೆ ನಾಲವಾರದಿಂದ ಬೈಕಿನ ಮೇಲೆ ವಾಡಿಗೆ ಮರಳುವಾಗ ಲಾರಿ ಬಡಿದು ಸತ್ತಿದ್ದ. ಮಣ್ಣು ಕೊಡುವ ಮೊದಲು ಅಯ್ಯನವರು ಕರಡಿಗೆ ತೆರೆದು, ಒಳಗಿದ್ದ ಇಷ್ಟಲಿಂಗವನ್ನು ತೆಗೆದು ಅವನ ಎಡ ಅಂಗೈಯಲ್ಲಿಟ್ಟರು. ಲಿಂಗ ಅವನ ಜೊತೆ ಹೋಯಿತು. ಬೆಳ್ಳಿ ಮನೆಗೆ ಬಂತು. "ಇದೇ ಅಲ್ಲೇನವ್ವಾ ಅವರದು?" ಎಂದು ಅಯ್ಯನವರು ಕೇಳಿದ್ದರು. ಅವಳು ನೋಡದೆ ತಲೆಯಾಡಿಸಿದ್ದಳು.

ಈಗ ನೋಡಿದಳು.

ತೊಳೆದು ಒರೆಸಿ ಮುಚ್ಚಳ ಒತ್ತಿದಳು. ಟಿಕ್ ಎಂದು ಕೂತಿತು.

ಅವಳ ಕೈ ಅಲ್ಲಿಯೇ ನಿಂತಿತು. ಸಂಗಮೇಶನ ಕರಡಿಗೆಯ ಮುಚ್ಚಳ ಎಂದೂ ಹೀಗೆ ಕೂತದ್ದಿಲ್ಲ. ಮದುವೆಯಾದ ಹೊಸತರಲ್ಲೇ ಅದು ಸಡಿಲಾಗಿತ್ತು. ಬೆಳ್ಳಿ ಕೆಲಸದ ಪತ್ತಾರನ ಹತ್ತಿರ ಒಯ್ಯುತ್ತೇನೆ, ಒಯ್ಯುತ್ತೇನೆ ಎನ್ನುತ್ತಲೇ ಅವನು ಒಯ್ಯಲಿಲ್ಲ. ಕೊನೆಗೆ ಅವಳೇ ತನ್ನ ಹೊಲಿಗೆ ಡಬ್ಬಿಯ ನೀಲಿ ನೂಲು ತೆಗೆದು ಮುಚ್ಚಳ ಬೀಳದಂತೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದಳು. "ನನ್ನ ಲಿಂಗಕ್ಕೂ ನೀನೇ ಜಾಮೀನು" ಎಂದು ಅವನು ನಕ್ಕಿದ್ದ.

ಇದರಲ್ಲಿ ನೀಲಿ ನೂಲು ಇರಲಿಲ್ಲ. ಮತ್ತೆ ತೆರೆದು ಬೆಳಕಿಗೆ ಹಿಡಿದಳು. ಮುಚ್ಚಳದ ಒಳಬದಿಯಲ್ಲಿ ಮೂರೆಸಳಿನ ಬಿಲ್ವಪತ್ರೆ ಕೊರೆದಿತ್ತು.

ಬಿಲ್ವಪತ್ರೆಯ ಮಾತು ಅವಳು ಕೇಳಿದ್ದಳು, ಹಿಂದಿನ ವಾರ, ಊಟಕ್ಕೆ ಕೂತಾಗ. "ನಾಲವಾರದ ಗುರುಲಿಂಗಯ್ಯನ ಮನ್ಯಾಗ ಕಳವಾದ ಕರಡಗಿ ಮುಚ್ಚಳದೊಳಗ ಬಿಲ್ವಪತ್ರಿ ಅದಂತ," ಎಂದಿದ್ದ ಸಂಗಮೇಶ, ರೊಟ್ಟಿ ಮುರಿಯುತ್ತ. "ನಮ್ಮ ಚಂದ್ರಾಮನ ಚೀಲದಾಗ ಸಿಕ್ಕದ್ದನ್ನ ಯಾರಾದ್ರೂ ತೆರದು ನೋಡ್ಯಾರೇನು? ಬೆಳ್ಳಿ ಕಂಡ್ರು, ಸೀಲ್ ಹಾಕಿದ್ರು."

ಚಂದ್ರಾಮ ಅವನ ಕಕ್ಷಿದಾರ. ಕೊಡ್ಲಿಯ ಹುಡುಗ. ಗುರುಲಿಂಗಯ್ಯನ ಮನೆಗೆ ಬಣ್ಣ ಹೊಡೆಯಲು ಹೋದವನು, ಮನೆಗಳ್ಳತನದ ಆರೋಪ ಹೊತ್ತು ಕಲಬುರಗಿ ಜೈಲಿನಲ್ಲಿದ್ದ. ಹೋದದ್ದು ಬಂಗಾರದ ಸರ ಮತ್ತು ಬೆಳ್ಳಿಯ ಕರಡಿಗೆ. ಸಿಕ್ಕದ್ದು ಕರಡಿಗೆ ಮಾತ್ರ.

ಹಾಗಾದರೆ ಕೋರ್ಟಿನಲ್ಲಿ ಸೀಲಾಗಿ ಕೂತಿರುವುದು ಯಾವುದು? ಕಳವಾದ ಮಾಲು ಆರೋಪಿಯ ವಕೀಲನ ಕೊರಳಿಗೆ ಬಂದದ್ದು ಹೇಗೆ?

ಈ ಎರಡನೆಯ ಪ್ರಶ್ನೆಗೆ ಅವಳಿಗೆ ತೋಚಿದ ಉತ್ತರ ಒಂದೇ. ಚಂದ್ರಾಮ ಕದ್ದದ್ದು ನಿಜ. ಕದ್ದದ್ದನ್ನು ವಕೀಲನಿಗೆ ಒಪ್ಪಿಸಿದ್ದ. ವಕೀಲ ಅಡಗಿಸಿಟ್ಟಿದ್ದ.

ಗಂಡ ತೀರಿಹೋದ ಮೇಲೆ ಅವಳಿಗೆ ಅಳು ಬಂದಿರಲಿಲ್ಲ. ಈಗಲೂ ಬರಲಿಲ್ಲ. ಮಣ್ಣಿನ ಹಸಿ ಆರುವ ಮುಂಚೆಯೇ ಅವನನ್ನು ಕಳ್ಳನೆಂದುಕೊಂಡೆನಲ್ಲ ಎಂಬ ನಾಚಿಕೆಯೊಂದು ಬಂತು.

"ಅತ್ತಿ, ಇದು ಅವರ ಕೊಳ್ಳಾಗೇ ಇತ್ತೇನು?"

"ಮತ್ತ ಎಲ್ಲಿರ್ತದ? ದವಾಖಾನಿಯವ್ರು ಅಂಗಿ ಬಿಚ್ಚಿದಾಗ ನಾನೇ ನೋಡೀನಿ. ಯಾಕ?"

"ಏನಿಲ್ರಿ."

ಫೋನು ಬಡಿದುಕೊಂಡಿತು. ನಯೀಮ, ಸಂಗಮೇಶನ ಜೊತೆ ಕಾನೂನು ಓದಿದವನು, ಅದೇ ಕೋರ್ಟಿನ ವಕೀಲ.

"ಭಾಬಿ, ಈ ಹೊತ್ತಿನಾಗ ಕೇಳಬಾರದು. ಇವತ್ತ ಚಂದ್ರಾಮನ ತಾರೀಖು ಅದ. ನಾನೇ ನಿಲ್ತೀನಿ ಅವನ ಕಡಿಂದ. ಫೈಲ್ ಇದ್ರ ಛಲೋ, ಇಲ್ಲಾಂದ್ರೂ ನಡೀತದ. ಹುಡುಗ ಒಪ್ಗೊಳ್ಳಾಕತ್ಯಾನ."

"ಏನು ಒಪ್ಗೊಳ್ತಾನ?"

"ಕಳವು ಮಾಡೀನಿ ಅಂತ."

ಭುವನೇಶ್ವರಿ ಕರಡಿಗೆಯನ್ನು ಅರಿವೆಯಲ್ಲಿ ಸುತ್ತಿದಳು. "ಫೈಲ್ ನಾನೇ ತರ್ತೀನಿ."

ಅತ್ತೆ ಬಾಗಿಲಿಗೆ ಬಂದು ನಿಂತಳು. ಸೊಸೆ ಸೀರೆ ಬದಲಿಸಿದ್ದನ್ನು ನೋಡಿದಳು. "ನಮ್ಮಾಗ ಸೂತಕ ಇಲ್ಲ. ಹೋಗಿ ಬಾ," ಎಂದಳು. "ಹೊಟ್ಟಿಗಿ ಏನರೆ ತಿನ್ನು."

ಸ್ಟೇಷನ್ನಿನ ಹಾದಿಯಲ್ಲಿ ಹಳೆಯ ಕಲ್ಲಿನ ಖಣಿಯೊಂದು ನೀರು ತುಂಬಿ ನಿಂತಿದೆ. ಅದರ ದಂಡೆಯಲ್ಲಿ ಅವಳು ನಿಂತಳು. ಕೈ ಚಾಚಿ ಬಿಟ್ಟರೆ ಮುಗಿಯಿತು. ಸಂಗಮೇಶನ ಹೆಸರು ಉಳಿಯುತ್ತಿತ್ತು. ಚಂದ್ರಾಮ ಹೇಗೂ ಒಪ್ಪಿಕೊಳ್ಳುತ್ತಾನೆ. ಯಾರೂ ಕೇಳುವುದಿಲ್ಲ.

ಗಾಡಿಯ ಸೀಟಿ ಕೇಳಿಸಿತು. ಅವಳು ಕರಡಿಗೆಯನ್ನು ಚೀಲಕ್ಕೆ ಹಾಕಹೋಗಿ, ಹಾಕಲಾರದೆ, ಸೆರಗಿನೊಳಗೆ ಎದೆಗೊತ್ತಿ ಹಿಡಿದುಕೊಂಡಳು. ಖಾಲಿ ಕರಡಿಗೆಯಾದರೂ ಚೀಲಕ್ಕೆ ಹಾಕಲು ಮನಸ್ಸು ಒಪ್ಪಲಿಲ್ಲ.

ಆಗ ಹೊಳೆಯಿತು. ಸಂಗಮೇಶನೂ ಹೀಗೆಯೇ ಮಾಡಿರಬೇಕು. ಅಡಗಿಸಿಡುವವನು ಪೆಟ್ಟಿಗೆಯಲ್ಲಿಡುತ್ತಾನೆ, ಮಣ್ಣಲ್ಲಿ ಹೂಳುತ್ತಾನೆ. ಒಳಗೆ ಲಿಂಗವಿದ್ದ ಕರಡಿಗೆಯನ್ನು ಗೌರವದಿಂದ ಒಯ್ಯುವವನು ಮಾತ್ರ ಕೊರಳಿಗೆ ಹಾಕಿಕೊಳ್ಳುತ್ತಾನೆ.

ಒಯ್ದದ್ದು ಎಲ್ಲಿಂದ? ಅವನದೇ ಕರಡಿಗೆ ಎಲ್ಲಿ ಹೋಯಿತು?

*

ಚಿತ್ತಾಪುರ ಕೋರ್ಟಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಚಂದ್ರಾಮನ ತಾಯಿ ಅನಸುಬಾಯಿ ಕುಕ್ಕರಗಾಲಲ್ಲಿ ಕೂತಿದ್ದಳು. ಭುವನೇಶ್ವರಿಯನ್ನು ಕಂಡು ಎದ್ದಳು. ಹಣೆ ನೋಡಿದಳು, ಕೈ ನೋಡಿದಳು. ಅವಳ ಎರಡೂ ಕೈ ಹಿಡಿದುಕೊಂಡಳು.

"ನನ್ನ ಮಗನ ಸಂಬಂಧ ತಿರುಗಿ ತಿರುಗಿ ಹೋದ್ರು ಯವ್ವಾ ನಿನ್ನ ಗಂಡ. ನಾಲವಾರಕ್ಕ ಯಾಕ ಹೋಗಬೇಕಿತ್ತು ಅವ್ರು?"

ಭುವನೇಶ್ವರಿ ಒಂದು ಕೈ ಬಿಡಿಸಿಕೊಂಡು ಸೆರಗಿನೊಳಗಿನ ಗಂಟನ್ನು ಮುಟ್ಟಿಕೊಂಡಳು.

ನಯೀಮ ಕರಿ ಕೋಟು ಹೆಗಲ ಮೇಲೆ ಹಾಕಿಕೊಂಡು ಬಂದ. ಅವಳ ಮುಖ ನೋಡಲಾರದೆ ಫೈಲ್ ನೋಡಿದ.

"ಯಾಕ ಒಪ್ಗೊಳ್ತಾನ? ಅವನು ಕದ್ದಿಲ್ಲ ಅಂತ ನಿಮ್ಮ ಗೆಳೆಯರು ಹೇಳ್ತಿದ್ರು," ಎಂದಳು.

"ಭಾಬಿ, ಜಾಮೀನು ಸಿಕ್ಕದ, ಜಾಮೀನುದಾರ ಸಿಕ್ಕಿಲ್ಲ. ಪಹಣಿ ಇದ್ದವ್ರು ಯಾರು ಬರ್ತಾರ ಇವನ ಸಲುವಾಗಿ? ಇವತ್ತ ಸಾಹೇಬ್ರು ಆರೋಪ ಓದಿ ಕೇಳ್ತಾರ. ಇಲ್ಲ ಅಂದ್ರ ಸಾಕ್ಷಿ, ವಾಯಿದಾ, ಮತ್ತ ವಾಯಿದಾ. ಹೂಂ ಅಂದ್ರ ಇಲ್ಲಿ ತನ ಜೈಲಿನಾಗಿದ್ದದ್ದೇ ಶಿಕ್ಷಾ ಅಂತ ಹಿಡದು ಬಿಡಬಹುದು. ಈ ಕೋರ್ಟಿನಾಗ ಅಂತಲ್ಲ, ಬಡವರ ಕಳವಿನ ಕೇಸು ಎಲ್ಲಾ ಕಡಿ ಹಿಂಗೇ ಮುಗೀತಾವ. ಖರೇ ಹೇಳಿದವನಿಗಿ ವರ್ಷಗಟ್ಟಲೆ ಜೈಲು, ಸುಳ್ಳ ಹೇಳಿದವನಿಗಿ ಸಂಜಿ ಬಸ್ಸು."

"ಆಮ್ಯಾಲ?" ಅನಸುಬಾಯಿ ನಡುವೆ ಬಾಯಿ ಹಾಕಿದಳು. "ಆಮ್ಯಾಲ ಊರಾಗ ಯಾರ ಮನ್ಯಾಗ ಏನು ಕಳದ್ರೂ ಮೊದಲ ನಮ್ಮ ಗುಡಸಲಕ್ಕ ಬರ್ತಾರ. ಅದನ್ನ ಹೇಳ್ರಿ ವಕೀಲ್ರ."

"ಹಂಗಾರ ಬ್ಯಾಡ ಅಂತೀಯೇನು ಆಯಿ?"

ಅವಳು ತಲೆ ತಗ್ಗಿಸಿದಳು. "ಮಗ ಮನೀಗಿ ಬರ್ಲಿ ಅಂತೀನಿ. ಅದಕ್ಕ ಕಳ್ಳ ಆಗಿ ಬಾ ಅನ್ನಾಕತ್ತೀನಲ್ಲ, ತಾಯಿ ಆಗಿ."

ನಯೀಮ ತಗ್ಗಿದ ದನಿಯಲ್ಲಿ ಹೇಳಿದ. "ಒಪ್ಗೊಂಡ್ರ ಕೇಸು ಖಲಾಸ್. ಮಾಲು ಇವತ್ತೇ ಫಿರ್ಯಾದಿ ಕೈಗಿ ಹೋಗ್ತದ. ಅದಕ್ಕೇ ಅಪ್ಪ ಮಗಾ ಮುಂಜಾನಿಂದ ಬಂದು ಕುಂತಾರ ನೋಡ್ರಿ."

ಹಾಗೆ ಮಾಲು ಹೋದರೆ ಸೀಲು ಒಡೆದು ಮುಚ್ಚಳ ತೆರೆಯುವವರು ಇನ್ನು ಯಾರೂ ಇರುವುದಿಲ್ಲ ಎಂದು ಭುವನೇಶ್ವರಿಗೆ ಅರ್ಥವಾಯಿತು.

ಅವಳು ಪಡಸಾಲೆಯತ್ತ ನೋಡಿದಳು. ಪರಸಿ ಕಲ್ಲಿನ ಕಟ್ಟೆಯ ಮೇಲೆ ಬಿಳಿ ಧೋತರ, ಬಿಳಿ ಟೋಪಿಯ ಮುದುಕ ಗೋಡೆಗೆ ಒರಗಿದ್ದ. ಗುರುಲಿಂಗಯ್ಯ. ಪಕ್ಕದಲ್ಲಿ ಇಸ್ತ್ರಿ ಅಂಗಿಯ ಮಗ ಸಂತೋಷಕುಮಾರ, ಕೈಯಲ್ಲಿ ಬೈಕಿನ ಕೀಲಿ ತಿರುಗಿಸುತ್ತಿದ್ದ. ಕಳವಿನ ದೂರು ಬರೆಸಿದವನು ಅವನೇ. ಸಹಿ ತಂದೆಯದು.

ಹೋಟೆಲಿನವನು ಚಹಾದ ತಟ್ಟೆ ಹಿಡಿದು ಬಂದ. ಮಗ ಒಂದು ಕಪ್ಪು ತೆಗೆದುಕೊಂಡ. ತಂದೆ ಕೈಯಾಡಿಸಿ ಬೇಡವೆಂದ. ನೀರಿನ ಗ್ಲಾಸು ಮುಂದೆ ಹಿಡಿದರೆ ಅದನ್ನೂ ಬೇಡವೆಂದ. ಅವನ ತುಟಿ ಒಣಗಿ ಬಿರಿದಿತ್ತು.

"ನೀರೂ ಕುಡಿಯಂಗಿಲ್ಲ ಮುದುಕ," ಎಂದಳು ಭುವನೇಶ್ವರಿ.

"ಇವತ್ತೇನು ಸೋಗು," ಅನಸುಬಾಯಿ ಮೂಗು ಮುರಿದಳು. "ಕಳವಾದ ಮರುದಿನಾನೇ ಅವ್ರ ಬೀಗರ ಲಗ್ನದಾಗ ಕುಂತು ಹುಗ್ಗಿ ಹೊಡದಾನ. ಎರಡು ಸರ್ತಿ ನೀಡಿಸಿಕೊಂಡ. ನಾನೇ ಹಿತ್ತಲದಾಗ ಭಾಂಡಿ ತಿಕ್ಕಾಕತ್ತಿದ್ದೆ. ನನ್ನ ಮಗನ್ನ ಅವತ್ತೇ ಹಿಡದದ್ದು."

ಭುವನೇಶ್ವರಿ ತಿರುಗಿ ಅವಳನ್ನು ನೋಡಿದಳು. "ಖರೇನು? ನೀ ಕಣ್ಣಾರೆ ನೋಡೀಯೇನು?"

"ಕಣ್ಣಾರೆ."

ಗುರುಲಿಂಗಯ್ಯ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಮನುಷ್ಯ. ಅದು ನಾಲವಾರಕ್ಕೆಲ್ಲ ಗೊತ್ತಿದ್ದ ಮಾತು. ಕೊರಳ ಲಿಂಗ ಕಳೆದರೆ ಅಂಥವನು ಅಯ್ಯನವರ ಕೈಯಿಂದ ಹೊಸ ಲಿಂಗ ಪಡೆಯುವ ತನಕ ಉಪವಾಸ ಬೀಳುತ್ತಾನೆ. ಕಳವಾಯಿತೆಂದು ದೂರು ಕೊಟ್ಟ ಮರುದಿನ ಅವನು ಹುಗ್ಗಿ ಉಂಡಿದ್ದ. ಉಪವಾಸ ಇರಬೇಕೆಂಬ ನೆನಪೇ ಅವನಿಗೆ ಬಂದಿರಲಿಕ್ಕಿಲ್ಲ, ಏಕೆಂದರೆ ಆವತ್ತು ಬೆಳಿಗ್ಗೆಯೂ ಅವನ ಪೂಜೆ ಎಂದಿನಂತೆ ಆಗಿತ್ತು.

ಉಪವಾಸ ಬಿದ್ದದ್ದು ಈಗ.

ಅವಳ ಗಂಡ ನಾಲವಾರಕ್ಕೆ ಹೋಗಿ ಬಂದ ಮೇಲೆ.

ಸಂತೋಷಕುಮಾರ ಖಾಲಿ ಕಪ್ಪು ಕೊಟ್ಟು, ಝೆರಾಕ್ಸ್ ಅಂಗಡಿಯ ಕಡೆ ನಡೆದ. ಭುವನೇಶ್ವರಿ ಪಡಸಾಲೆಯ ಮೆಟ್ಟಿಲೇರಿದಳು.

*

"ಯಪ್ಪಾ, ಮೈಯಾಗ ಹುಷಾರಿಲ್ಲೇನ್ರಿ?"

ಮುದುಕ ಕಣ್ಣು ತೆರೆದ. "ಪಿತ್ತ ಆಗ್ಯಾದ. ಯಾರ ಪೈಕಿ ನೀನು?"

"ವಕೀಲ ಸಂಗಮೇಶ್ವರ ಅವರ ಮನ್ಯಾಕಿ."

ಅವನ ಬೆರಳು ಅಂಗಿಯ ಕೊರಳಪಟ್ಟಿಗೆ ಹೋಗಿ ನಿಂತಿತು. "ಕೇಳೀನಿ. ಭಾಳ ಕೆಟ್ಟ ಆಯ್ತು. ಸಣ್ಣ ವಯಸ್ಸು."

"ಪಿತ್ತ ಆದವರು ನೀರು ಕುಡೀತಾರ್ರಿ."

ಗುರುಲಿಂಗಯ್ಯ ಟೋಪಿ ಸರಿಮಾಡಿಕೊಂಡ.

"ಲಗ್ನದಾಗ ಹುಗ್ಗಿ ಉಂಡ್ರಂತ. ಅವತ್ತ ನಿಮ್ಮ ಲಿಂಗ ನಿಮ್ಮ ಬಲ್ಲಿ ಇತ್ತು. ಇವತ್ತ ಇಲ್ಲ."

"ವಕೀಲಿಕಿ ಮಾಡ್ತೀಯೇನು ನೀನು?"

"ಓದೀನಿ. ಮಾಡಿಲ್ರಿ."

"ಮಾಡು," ಎಂದ ಮುದುಕ, ಕಣ್ಣು ಮುಚ್ಚಿ. "ನಿನ್ನ ಗಂಡ ಇಷ್ಟು ಮೆಲ್ಲಗ ಕೇಳ್ತಿದ್ದಿಲ್ಲ."

ಅವಳು ಸೆರಗಿನಿಂದ ಗಂಟು ತೆಗೆದಳು. ಇದನ್ನು ಕೋರ್ಟಿನ ಮುಂದಿಡಬೇಕೆಂದು ಕಾನೂನು ಓದಿದ ಬುದ್ಧಿ ಹೇಳಿತು. ಆದರೆ ಕೊರಳಿಗೆ ಹಾಕಿಕೊಂಡು ಒಯ್ದದ್ದನ್ನು ಕೊರಳಿಗೇ ಮುಟ್ಟಿಸಬೇಕಿತ್ತು. ಸತ್ತವನು ಅದನ್ನು ಆ ಮನೆಯಿಂದ ಕೇಳಿಯೇ ಒಯ್ದಿರಬೇಕು. ಮರಳಿ ಕೊಡುತ್ತೇನೆಂದು ಹೇಳಿಯೇ ಒಯ್ದಿರುತ್ತಾನೆ. ಆ ಮಾತು ಈಗ ಅವಳ ಮೇಲಿತ್ತು. ಅರಿವೆ ಬಿಚ್ಚಿ ಕರಡಿಗೆಯನ್ನು ಮುದುಕನ ಅಂಗೈಯಲ್ಲಿಟ್ಟಳು.

ಗುರುಲಿಂಗಯ್ಯ ನೋಡಲಿಲ್ಲ. ಹೆಬ್ಬೆರಳಿನಿಂದ ಸವರಿದ. ಅಷ್ಟಕ್ಕೇ ಅವನಿಗೆ ಗುರುತು ಸಿಕ್ಕಿತು. ಮುಚ್ಚಳ ಎತ್ತಿದ. ಬಿಲ್ವಪತ್ರೆ ಕಂಡಿತು. ಕೆಳಗೆ ಬರಿಯ ಬೆಳ್ಳಿ.

"ಒಳಗಿಂದು?"

"ಮಣ್ಣಾಗ ಅದ. ನನ್ನ ಗಂಡನ ಅಂಗೈಯಾಗ." ಅವಳ ದನಿ ಸಮವಾಗಿಯೇ ಇತ್ತು. "ಇದೇ ಏನು ಅಂತ ಅಯ್ಯನವರು ಕೇಳಿದ್ರು. ನಾ ನೋಡದೇ ಹೂಂ ಅಂದೆ. ತಪ್ಪು ನಂದು."

ಮುದುಕ ಖಾಲಿ ಕರಡಿಗೆಯ ಒಳಗೆ ಬೆರಳಾಡಿಸಿದ. ಕಳವಾಯಿತು ಎಂದು ಸಹಿ ಮಾಡಿಕೊಟ್ಟದ್ದು ಈಗ ನಿಜಕ್ಕೂ ಕಳೆದಿತ್ತು.

"ನಿಂದೊಬ್ಬಾಕಿದೇನು ತಪ್ಪು," ಎಂದ ಕೊನೆಗೆ. "ಮಗ ಬರಸಿಕೊಂಡು ಬಂದ. ಸರ ಹೋಗ್ಯಾದ, ಸಹಿ ಹಾಕ್ರಿ ಅಂದ. ಹಾಕಿದೆ. ಆಮ್ಯಾಲ ಓದಿ ಹೇಳಿದ್ರ ಕರಡಗಿನೂ ಅದ ಅದರಾಗ. ಲಿಂಗ ಕದ್ದಾನ ಅಂದ್ರ ಊರು ಸುಮ್ನ ಕೂಡಂಗಿಲ್ಲ, ಅದಕ್ಕ ಬರಸೀನಿ ಅಂದ. ಹುಡುಗನ ಚೀಲದಾಗ ಬ್ಯಾರೇದೊಂದು ಇಟ್ಟು ಹಿಡಸಿಕೊಟ್ಟ. ಕಳವಾದದ್ದು ಕೊಳ್ಳಾಗ ಹೆಂಗ ಹಾಕ್ಲಿ? ದೇವರ ಕೋಣಿ ಗೂಡಿನಾಗ ಇಟ್ಟು ಬಾಗಲಾ ಹಾಕ್ಕೊಂಡು ಪೂಜಾ ಮಾಡ್ದೆ. ಕಳ್ಳನಂಗ. ನಂದೇ ಲಿಂಗ, ನಾನೇ ಕಳ್ಳ."

"ಹುಡುಗ ಜೈಲಿನಾಗ ಇದ್ದದ್ದು ಗೊತ್ತಿತ್ತಲ್ರಿ."

"ಗೊತ್ತಿತ್ತು." ಅವನು ಮುಖ ತಿರುಗಿಸಿದ. "ಮಗಾ ಅಂವ, ಯವ್ವಾ."

ಅಂಗಳದಲ್ಲಿ ಪೊಲೀಸ್ ವ್ಯಾನು ಬಂದು ನಿಂತಿತು. ಚಂದ್ರಾಮ ಇಳಿದ. ಬಣ್ಣದ ಕಲೆಗಳ ಅದೇ ಪ್ಯಾಂಟು. ಅನಸುಬಾಯಿ ಓಡಿ ಹೋಗಿ ಮಗನ ಗದ್ದ ಹಿಡಿದಳು. ಅವನು ತಾಯಿಗೆ ಏನೋ ಹೇಳಿ ನಕ್ಕ.

"ನೀವೇ ಕೊಟ್ರೇನು ಇದನ್ನ ನಮ್ಮವರಿಗಿ?" ಭುವನೇಶ್ವರಿ ಕೇಳಿದಳು.

"ನಾ ಕೊಟ್ಟಿಲ್ಲ." ಮುದುಕ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕೊರಳೊಳಗೆ ಕೈ ಹಾಕಿದ. "ನಿನ್ನಿ ಮುಂಜಾನಿ ಜಳಕಾ ಮಾಡಿ ಗೂಡಿಗಿ ಕೈ ಹಾಕಿದ್ರ ಮುಚ್ಚಳ ಅಲುಗಾಡ್ತು. ಮುಟ್ಟಿದ ಕೂಡ್ಲೇ ತಿಳೀತು, ನಂದಲ್ಲ. ಬ್ಯಾರೇರ ಲಿಂಗ, ನಾ ಪೂಜಾ ಮಾಡಂಗಿಲ್ಲ. ಹಂಗಂತ ಗೂಡಿನಾಗ ಒಂಟಿ ಬಿಟ್ಟು ಬರೋದು ಹೆಂಗ?"

ಅವನು ಹೊರಗೆಳೆದದ್ದು ಹಳೆಯ ಬೆಳ್ಳಿ ಕರಡಿಗೆ. ಮುಚ್ಚಳದ ಸುತ್ತ ಬಿಗಿಯಾಗಿ ಸುತ್ತಿದ ನೀಲಿ ನೂಲು. ಗಂಟು ಅವಳು ಹಾಕಿದ್ದೇ.

ಭುವನೇಶ್ವರಿ ಬೆರಳ ತುದಿಯಿಂದ ಆ ನೂಲು ಮುಟ್ಟಿದಳು. ಕೋರ್ಟಿಗೆ ತೋರಿಸಲೆಂದು ಸಂಗಮೇಶ ತನ್ನದನ್ನು ಒತ್ತೆಯಾಗಿ ಇಟ್ಟು ಮುದುಕನದನ್ನು ಒಯ್ದಿದ್ದ. ಬೆಳಿಗ್ಗೆ ಅವಳು ಅವನನ್ನು ಕಳ್ಳನೆಂದುಕೊಂಡಿದ್ದಳು. ಸಂಗಮೇಶನ ಲಿಂಗ ಇಲ್ಲಿ ಬೇರೊಬ್ಬರ ಎದೆಯ ಬಿಸಿಯಲ್ಲಿತ್ತು. ಅವನು ಅಲ್ಲಿ ಬೇರೊಬ್ಬರ ಲಿಂಗ ಹಿಡಿದು ಮಣ್ಣಲ್ಲಿ ಕೂತಿದ್ದ.

"ಅಪ್ಪಾಜಿ."

ಸಂತೋಷಕುಮಾರ ಯಾವಾಗ ಮೆಟ್ಟಿಲೇರಿದನೋ ಇಬ್ಬರಿಗೂ ಗೊತ್ತಾಗಿರಲಿಲ್ಲ. ಅವನ ಕಣ್ಣು ತಂದೆಯ ಅಂಗೈಯಿಂದ ಕೊರಳಿಗೆ, ಕೊರಳಿನಿಂದ ಭುವನೇಶ್ವರಿಯ ಮುಖಕ್ಕೆ ಹೋಯಿತು. ಸಿಟ್ಟಿರಲಿಲ್ಲ ಅವನಲ್ಲಿ. ಲೆಕ್ಕ ಕೂಡಿಸುವವನಂತೆ ನಿಧಾನವಾಗಿ ನೋಡಿದ.

"ವಕೀಲನ ಹೇಣ್ತಿ ತಂದು ಕೊಟ್ಳೇನು ಇದು?"

ಮುದುಕ ಮುಷ್ಟಿ ಮುಚ್ಚಿದ. ತಡವಾಗಿತ್ತು.

"ದೇವರ ಕೋಣಿಗಿ ಹೋಗೋರು ಇಬ್ರೇ," ಎಂದ ಮಗ. "ನೀವು ಕೊಟ್ಟಿಲ್ಲ."

ಅವನು ತಿರುಗಿ ಮೆಟ್ಟಿಲಿಳಿದ. ಓಡಲಿಲ್ಲ. ಬೇವಿನ ಮರದ ಕೆಳಗಿದ್ದ ಬೈಕನ್ನು ಹಿಂದಕ್ಕೆಳೆದು ಗೇಟಿನ ಕಡೆ ಮುಖ ಮಾಡಿಸಿದ.

"ಎಲ್ಲಿಗಿ ಹೊಂಟ್ರು ಅವ್ರು?" ಭುವನೇಶ್ವರಿ ಮೆಟ್ಟಿಲಂಚಿಗೆ ಬಂದಳು.

"ಮನೀಗಿ." ಗುರುಲಿಂಗಯ್ಯ ಕಟ್ಟೆ ಹಿಡಿದು ಎದ್ದ. "ಬಸವೇಶ್ವರಿ, ನಮ್ಮ ಸೊಸಿ, ಒಬ್ಬಾಕೇ ಅದಾಳವ್ವಾ ಮನ್ಯಾಗ. ಆಕಿ ಬಲ್ಲಿ ಫೋನ್ ಸೈತ ಇರಗೊಡಂಗಿಲ್ಲ ಅಂವ."

ಗಂಡ ಎರವಲು ತಂದದ್ದನ್ನು ಭುವನೇಶ್ವರಿ ಮುಟ್ಟಿಸಿದ್ದಳು. ಆದರೆ ಗುಟ್ಟಾಗಿ ಕೊಟ್ಟ ಆ ಸೊಸೆಗಲ್ಲ. ಕೊಟ್ಟಾಕೆ ಯಾರೆಂದು, ಗೊತ್ತಾಗಬಾರದವನ ಎದುರು ತೋರಿಸಿಯೂ ಬಿಟ್ಟಿದ್ದಳು. ಮತ್ತೊಮ್ಮೆ ನೋಡದೆಯೇ ತಲೆಯಾಡಿಸಿದಂತಾಗಿತ್ತು.

ಬೈಕು ಗೇಟು ದಾಟಿತು.

"ಚಂದ್ರಾಮ, ಊರು ಕೊಡ್ಲಿ," ಬಾಗಿಲಲ್ಲಿ ಜವಾನ ಕೂಗಿದ. "ಫಿರ್ಯಾದಿ ಗುರುಲಿಂಗಯ್ಯ, ಒಳಗ ಬರ್ರಿ."

ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ನಯೀಮ ಕೋಟು ತೊಟ್ಟು ನಿಂತಿದ್ದ. ಚಂದ್ರಾಮ ಕಟಕಟೆ ಹತ್ತಿದ. ಮೇಜಿನ ಮೇಲೆ ಅರಗಿನ ಸೀಲು ಹಾಕಿದ ಸಣ್ಣ ಗಂಟೊಂದಿತ್ತು.

ಮ್ಯಾಜಿಸ್ಟ್ರೇಟರು ಆರೋಪ ಓದಿ ಮುಗಿಸಿದರು. "ಅರ್ಥವಾಯಿತಾ? ತಪ್ಪು ಒಪ್ಪಿಕೊಳ್ಳುತ್ತೀರಾ?"

ಚಂದ್ರಾಮ ಹಿಂದಿನ ಬಾಕಿನಲ್ಲಿದ್ದ ತಾಯಿಯ ಕಡೆ ನೋಡಿದ. ಅನಸುಬಾಯಿ ಸೆರಗು ಬಾಯಿಗಿಟ್ಟುಕೊಂಡಳು.

ಹೊರಗೆ ಪಡಸಾಲೆಯ ನಡುವೆ ಗುರುಲಿಂಗಯ್ಯ ನಿಂತಿದ್ದ. ಒಂದು ಕಡೆ ಬೈಕಿನ ಧೂಳಿನ್ನೂ ಅಡಗದ ಗೇಟು, ಅದರಾಚೆ ಸೊಸೆ. ಇನ್ನೊಂದು ಕಡೆ ಕೋರ್ಟಿನ ಬಾಗಿಲು, ಒಳಗೆ ಆ ಹುಡುಗ. ಅವನು ಗೇಟು ನೋಡಿದ, ಬಾಗಿಲು ನೋಡಿದ. ಖಾಲಿ ಕರಡಿಗೆಯ ಮುಚ್ಚಳ ಒತ್ತಿದ.

ಟಿಕ್.

"ಕೇಳಿಸಿತೇನಪ್ಪಾ?" ಒಳಗೆ ಮ್ಯಾಜಿಸ್ಟ್ರೇಟರು ಎರಡನೆಯ ಸಲ ಕೇಳಿದರು.

ಚಂದ್ರಾಮ ಬಾಯಿ ತೆರೆದ.